ಅಜ್ಜನ ಮರೆವಿಗೆ ಸೂಜಿಯಲ್ಲಿ ಮದ್ದಿಲ್ಲ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವು ಎಷ್ಟು ನಂಬಿಕೊಂಡಿದ್ದೇವೆಂದರೆ, ಮನೆಯ ಮುತ್ಯಾ ನಲವತ್ತು ವರ್ಷ ಓಡಾಡಿದ ಹೊಲದ ದಾರಿ ತಪ್ಪಿ ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರೂ ಅದನ್ನು ಕಾಯಿಲೆ ಅನ್ನುವುದಿಲ್ಲ. ಉಂಡು ಕೈತೊಳೆದ ಹತ್ತು ನಿಮಿಷಕ್ಕೆ ‘ನನಗ ಊಟಾನ ಹಾಕಿಲ್ಲ’ ಎಂದು ಸೊಸೆಯ ಮೇಲೆ ಸಿಟ್ಟಾದರೆ ಹಟ ಅನ್ನುತ್ತೇವೆ. ಕಬ್ಬಿನ ಬಿಲ್ಲಿನ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವರು ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾಗದೆ ನೋಟು ಕೊಟ್ಟು ಹಾಗೇ ಎದ್ದು ಬಂದರೆ ‘ವಯಸ್ಸಾತು, ಬಿಡ್ರಿ’ ಎಂದು ಸುಮ್ಮನಾಗುತ್ತೇವೆ. ಇದರ ಪಕ್ಕದಲ್ಲೇ ಈಗ ಹೊಸದೊಂದು ಆತುರ ಹುಟ್ಟಿಕೊಂಡಿದೆ. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಕಡಿಮೆಯಾದರೆ ಮರೆವಿನ ಕಾಯಿಲೆ ಬರುತ್ತದೆ, ಸೂಜಿ ಮಾಡಿಸಿಕೊಂಡರೆ ತಡೆಯಬಹುದು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದೆ. ಲ್ಯಾಬಿನವರ ತಪಾಸಣೆ ಪ್ಯಾಕೇಜುಗಳಲ್ಲಿ ಆ ಹಾರ್ಮೋನಿನ ಹೆಸರೂ ಸೇರಿಕೊಂಡಿದೆ. ಈ ಮಾತಿನ ಮೊದಲ ಅರ್ಧದಲ್ಲಿ ತಿರುಳಿದೆ, ಎರಡನೆಯ ಅರ್ಧಕ್ಕೆ ಆಧಾರವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಿರಿಯ ಗಂಡಸರ ಮೆದುಳನ್ನು ಕಾಯಬೇಕೆಂಬ ಕಾಳಜಿ ನಿಜವಾಗಿದ್ದರೆ, ನಾವು ಮೊದಲು ಅಳೆಯಬೇಕಾದದ್ದು ಟೆಸ್ಟೋಸ್ಟೆರಾನ್ ಅಲ್ಲ.

ತಿರುಳು ಎಲ್ಲಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಅಮೆರಿಕದ ಬಾಲ್ಟಿಮೋರಿನಲ್ಲಿ 574 ಗಂಡಸರನ್ನು ಸರಾಸರಿ 19 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 54 ಮಂದಿಗೆ ಅಲ್ಝೈಮರ್ ಕಾಯಿಲೆ ಬಂತು. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನ್ ಯಾರಲ್ಲಿ ಕಡಿಮೆಯಿತ್ತೋ ಅವರಲ್ಲೇ ಅದು ಹೆಚ್ಚು ಕಂಡಿತು, ಅದೂ ಕಾಯಿಲೆ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ. ಆಸ್ಟ್ರೇಲಿಯಾದ ಪರ್ತ್ ನಗರದ ವೃದ್ಧರಲ್ಲೂ ಇಂಥದ್ದೇ ಫಲಿತಾಂಶ ಬಂದಿದೆ. ಎಲ್ಲಕ್ಕಿಂತ ದೊಡ್ಡದು ಬ್ರಿಟನ್ನಿನ ಬಯೋಬ್ಯಾಂಕ್ ಅಧ್ಯಯನ. 50ರಿಂದ 73 ವಯಸ್ಸಿನ 1,59,411 ಗಂಡಸರನ್ನು ಸುಮಾರು ಏಳು ವರ್ಷ ಗಮನಿಸಿದಾಗ 826 ಮಂದಿಗೆ ಡಿಮೆನ್ಶಿಯಾ, ಎಂದರೆ ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆ, ಬಂದಿತ್ತು. ಟೆಸ್ಟೋಸ್ಟೆರಾನ್ ಅತಿ ಕಡಿಮೆಯಿದ್ದ ಐದನೇ ಒಂದು ಭಾಗದವರಲ್ಲಿ ಅಪಾಯ, ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗಿಂತ ಶೇ 43ರಷ್ಟು ಜಾಸ್ತಿ. ಪ್ರಯೋಗಾಲಯದಲ್ಲೂ ಇದಕ್ಕೊಂದು ಕಾರಣ ಸಿಗುತ್ತದೆ: ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನು ತಯಾರಾಗುವುದನ್ನು ಟೆಸ್ಟೋಸ್ಟೆರಾನ್ ಸ್ವಲ್ಪ ಹತ್ತಿಕ್ಕುತ್ತದೆ. ಹಾಗಾಗಿ ಸಂಶೋಧಕರು ಈ ನಂಟನ್ನು ಬೆನ್ನತ್ತಿದ್ದು ಸರಿಯಾಗಿಯೇ ಇದೆ.

ಆದರೆ ಶೇ 43 ಎಂಬ ಅಂಕಿ ಕಿವಿಗೆ ಬಿದ್ದಾಗ ನೂರಕ್ಕೆ ನಲವತ್ಮೂರು ಜನರಿಗೆ ಕಾಯಿಲೆ ಬರುತ್ತದೆ ಎಂದು ಹೆದರುವವರೇ ಹೆಚ್ಚು. ಲೆಕ್ಕ ಹಾಗಿಲ್ಲ. ಒಂದು ಲಕ್ಷ ಅರವತ್ತು ಸಾವಿರದ ಹತ್ತಿರದ ಜನರಲ್ಲಿ ಏಳು ವರ್ಷಕ್ಕೆ 826 ಎಂದರೆ ಸಾವಿರಕ್ಕೆ ಸುಮಾರು ಐದು. ಆ ಐದರ ಆಚೀಚೆ ಶೇ 43ರ ವ್ಯತ್ಯಾಸವೆಂದರೆ ಸಾವಿರ ಜನರಲ್ಲಿ ಒಬ್ಬಿಬ್ಬರ ಹೆಚ್ಚುಕಡಿಮೆ. ವಯಸ್ಸು ಏರಿದಂತೆ ಈ ಸಂಖ್ಯೆಗಳೆಲ್ಲ ಏರುತ್ತವೆ ನಿಜ, ಆದರೂ ಬೆಚ್ಚಿಬಿದ್ದು ಲ್ಯಾಬಿಗೆ ಓಡುವಂಥ ಸುದ್ದಿ ಇದಲ್ಲ. ಇನ್ನೊಂದನ್ನೂ ನೆನಪಿಡಬೇಕು. ಬಯೋಬ್ಯಾಂಕಿಗೆ ಸೇರಿದವರು ತಾವಾಗಿಯೇ ಮುಂದೆ ಬಂದವರು, ಬಹುಪಾಲು ಬಿಳಿಯರು, ಸರಾಸರಿ ಬ್ರಿಟಿಷ್ ಪ್ರಜೆಗಿಂತ ಆರೋಗ್ಯವಂತರು. ಅವರ ರಕ್ತದ ಅಂಕಿಯನ್ನು ರಾಯಬಾಗದ ರೈತನಿಗೆ ಹಾಗೆಯೇ ಅನ್ವಯಿಸುವ ಮೊದಲು ನಾಲ್ಕು ಸಲ ಯೋಚಿಸಬೇಕು.

ಅಂಕಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಟೆಸ್ಟೋಸ್ಟೆರಾನ್ ಕಡಿಮೆಯಾದದ್ದರಿಂದ ಮೆದುಳು ಸೊರಗಿತೋ, ಅಥವಾ ಎರಡನ್ನೂ ಸೊರಗಿಸಿದ ಮೂರನೆಯದೊಂದು ಕಾರಣ ದೇಹದಲ್ಲಿ ಮೊದಲೇ ಇತ್ತೋ? ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬಂದಾಗ ಕಲ್ಲೋಳ–ಯಡೂರ ಬಾಂದಾರ ಮುಳುಗುತ್ತದೆ, ಬೇಸಿಗೆಯಲ್ಲಿ ಅದೇ ನದಿಯ ತಳ ಕಾಣುತ್ತದೆ. ನೀರಿನ ಮಟ್ಟ ತೋರಿಸಲು ಸೇತುವೆಯ ಕಂಬದ ಮೇಲೆ ಬರೆದ ಗೆರೆಗಳನ್ನು ಈ ಭಾಗದ ಮಕ್ಕಳೂ ಓದಬಲ್ಲರು. ಗೆರೆ ಬತ್ತಿದ್ದು ಕಂಡರೆ ಯಾರೂ ಕೊಡದಲ್ಲಿ ನೀರು ತಂದು ಕಂಬದ ಬುಡಕ್ಕೆ ಸುರಿಯುವುದಿಲ್ಲ, ಕೊಯ್ನಾದಿಂದ ನೀರು ಬಿಟ್ಟರೋ ಇಲ್ಲವೋ ಎಂದು ಕೇಳುತ್ತಾರೆ. ವಯಸ್ಸಾದ ಗಂಡಸಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಬಹುಮಟ್ಟಿಗೆ ಆ ಕಂಬದ ಗೆರೆಯಂತೆ. ಹೊಟ್ಟೆಯ ಬೊಜ್ಜು ಬೆಳೆದರೆ ಅದು ಇಳಿಯುತ್ತದೆ. ಎರಡನೇ ಬಗೆಯ ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಸುಮಾರು ಮೂರಕ್ಕೊಬ್ಬರಲ್ಲಿ ಅದು ಕಡಿಮೆ ಇರುತ್ತದೆ. ನಿದ್ದೆ ಕೆಟ್ಟರೆ, ಜ್ವರವೋ ಆಪರೇಷನ್ನೋ ಆಗಿ ಮೈ ಬಳಲಿದ್ದರೆ, ಲಿವರ್ ಕೆಟ್ಟರೆ, ಕೀಲುನೋವಿಗೆಂದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿದ್ದರೆ, ಆಗಲೂ ಇಳಿಯುತ್ತದೆ. ಈ ಪಟ್ಟಿಯ ಬೊಜ್ಜು, ಸಕ್ಕರೆ, ಕೆಟ್ಟ ನಿದ್ದೆಗಳೇ ಮೆದುಳಿನ ಸಣ್ಣ ರಕ್ತನಾಳಗಳನ್ನೂ ಹಾಳುಮಾಡುವಂಥವು. ಮರೆವಿನ ಕಾಯಿಲೆ ಮೆದುಳಿನಲ್ಲಿ ಮೊಳೆಯುವುದು ಲಕ್ಷಣ ಕಾಣುವುದಕ್ಕೆ ಹತ್ತಾರು ವರ್ಷ ಮುಂಚೆ. ಆ ಅವಧಿಯಲ್ಲಿ ಊಟ, ಓಡಾಟ, ತೂಕ ಬದಲಾಗಿ, ಹಾರ್ಮೋನು ಇಳಿದದ್ದು ಕಾಯಿಲೆಯ ಕಾರಣವಾಗಿರದೆ ಅದರ ಮೊದಲ ಗುರುತೂ ಆಗಿರಬಹುದು.

ನಿಪ್ಪಾಣಿಯ ಓದುಗರಿಗೆ ಇದನ್ನು ತಂಬಾಕಿನ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೇದುವ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸೇದದವರಿಗಿಂತ ಕಡಿಮೆಯಿಲ್ಲ, ತುಸು ಹೆಚ್ಚೇ ಇದೆ. ಆ ಅಂಕಿಯೇ ಮೆದುಳನ್ನು ಕಾಯುವುದಾದರೆ ಬೀಡಿ ಸೇದುವವರಿಗೆ ಮರೆವು ಕಡಿಮೆ ಬರಬೇಕಿತ್ತು. ಆದದ್ದು ತಿರುಗುಮುರುಗು: ಧೂಮಪಾನ ಡಿಮೆನ್ಶಿಯಾದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಜಗತ್ತಿನಾದ್ಯಂತ ಸಾಬೀತಾದ ಸಂಗತಿ. ಲ್ಯಾಬಿನ ಚೀಟಿಯಲ್ಲಿ ಸಂಖ್ಯೆ ಚೆನ್ನಾಗಿ ಕಂಡ ಮಾತ್ರಕ್ಕೆ ಮೆದುಳು ಚೆನ್ನಾಗಿದೆ ಎಂದಾಗುವುದಿಲ್ಲ. ತಂಬಾಕಿನ ವಿರುದ್ಧ ನಿಪ್ಪಾಣಿಯಲ್ಲಿ ನಿಂತು ಮಾತಾಡುವುದು ಸುಲಭವಲ್ಲ ಎಂಬುದು ಗೊತ್ತಿದೆ. 1981ರಲ್ಲಿ ಇದೇ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ರೈತರು ಗೋಲಿಬಾರಿಗೆ ಬಲಿಯಾದರು. ಬೀಡಿ ಕಟ್ಟಿ, ತಂಬಾಕು ಹಸನು ಮಾಡಿ ಮಕ್ಕಳನ್ನು ಓದಿಸಿದ ತಾಯಂದಿರು ಓಣಿ ಓಣಿಯಲ್ಲಿದ್ದಾರೆ. ಬೆಳೆದವರ, ದುಡಿದವರ ಮೇಲೆ ಇಲ್ಲಿ ಆರೋಪವಿಲ್ಲ. ಅವರ ಮನೆಯ ಹಿರಿಯರ ಮೆದುಳಿನ ರಕ್ತನಾಳಗಳ ಬಗ್ಗೆ ಮಾತ್ರ ಈ ಮಾತು.

ನಂಟು ಕಂಡದ್ದೇ ಕಾರಣವೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ವಿಜ್ಞಾನಕ್ಕೆ ಒಂದೇ ಗಟ್ಟಿ ದಾರಿ ಇದೆ: ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಔಷಧದಂತೆ ಕಾಣುವ ಹುಸಿ ಔಷಧ ಕೊಟ್ಟು, ಯಾರಿಗೆ ಯಾವುದು ಎಂದು ತಿಳಿಸದೆ ಹೋಲಿಸಿ ನೋಡುವುದು. ಟೆಸ್ಟೋಸ್ಟೆರಾನ್ ವಿಷಯದಲ್ಲಿ ಅದೂ ಆಗಿದೆ. ಅಮೆರಿಕದಲ್ಲಿ 65 ದಾಟಿದ, ರಕ್ತದಲ್ಲಿ ಈ ಹಾರ್ಮೋನು ನಿಜಕ್ಕೂ ಕಡಿಮೆಯಿದ್ದ 788 ಗಂಡಸರನ್ನು ಆಯ್ದುಕೊಂಡರು. ಅವರಲ್ಲಿ ವಯಸ್ಸಿನ ಮರೆವು ಇದ್ದವರು 493. ಒಂದು ವರ್ಷ ಅರ್ಧ ಮಂದಿಗೆ ಟೆಸ್ಟೋಸ್ಟೆರಾನ್ ಜೆಲ್, ಉಳಿದವರಿಗೆ ಬರೀ ಜೆಲ್ ಹಚ್ಚಿಸಿದರು. ಹಚ್ಚಿಕೊಂಡವರ ರಕ್ತದಲ್ಲಿ ಹಾರ್ಮೋನು ಯುವಕರ ಮಟ್ಟಕ್ಕೆ ಏರಿತು. ಆದರೆ ಕಥೆಯೊಂದನ್ನು ಕೇಳಿಸಿ ಸ್ವಲ್ಪ ಹೊತ್ತಿನ ಮೇಲೆ ಹೇಳಿಸುವ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಗೆರೆ ಏರಿತು, ನದಿ ತುಂಬಲಿಲ್ಲ.

ಇಂಥ ಪಾಠವನ್ನು ವೈದ್ಯಲೋಕ ಹೆಂಗಸರ ವಿಷಯದಲ್ಲಿ ಇನ್ನೂ ಕಹಿಯಾಗಿ ಕಲಿತಿತ್ತು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಕಡಿಮೆ ಎಂದು ಗಮನಿಕೆಯ ಅಧ್ಯಯನಗಳು ಸಾಲುಸಾಲಾಗಿ ಹೇಳಿದ್ದವು. ಲಕ್ಷಾಂತರ ಹೆಂಗಸರು ಗುಳಿಗೆ ನುಂಗಿದರು. ಕೊನೆಗೆ ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರ ಮೇಲೆ ಸರಿಯಾದ ಹೋಲಿಕೆಯ ಪ್ರಯೋಗ ನಡೆಯಿತು. 2003ರಲ್ಲಿ ಬಂದ ಫಲಿತಾಂಶದಲ್ಲಿ ಹಾರ್ಮೋನು ತೆಗೆದುಕೊಂಡವರಲ್ಲಿ 40 ಮಂದಿಗೆ, ತೆಗೆದುಕೊಳ್ಳದವರಲ್ಲಿ 21 ಮಂದಿಗೆ ಡಿಮೆನ್ಶಿಯಾ ಬಂದಿತ್ತು. ಕಾಯುತ್ತದೆ ಎಂದು ನಂಬಿದ್ದ ಮದ್ದು ಅಪಾಯವನ್ನು ದುಪ್ಪಟ್ಟು ಮಾಡಿತ್ತು. ಹಿಂದಿನ ಅಧ್ಯಯನಗಳಲ್ಲಿ ಈಸ್ಟ್ರೋಜೆನ್ ತೆಗೆದುಕೊಂಡವರು ಹೆಚ್ಚು ಓದಿದವರು, ಉಳ್ಳವರು, ಮೊದಲೇ ಆರೋಗ್ಯವಂತರು. ಅವರನ್ನು ಕಾಯ್ದದ್ದು ಗುಳಿಗೆಯಲ್ಲ, ಅವರ ಬದುಕು. ಗಂಡಸರ ಹಾರ್ಮೋನಿನ ಬಗ್ಗೆ ಇವತ್ತು ಕೇಳುತ್ತಿರುವ ಮಾತು ಇಪ್ಪತ್ತೈದು ವರ್ಷದ ಹಿಂದೆ ಹೆಂಗಸರಿಗೆ ಹೇಳಿದ ಮಾತಿನಂತೆಯೇ ಕೇಳಿಸುತ್ತಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯಬೇಕಾಯಿತು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಒಂದು ವರ್ಷದ ಪ್ರಯೋಗದಲ್ಲಿ ಇಪ್ಪತ್ತು ವರ್ಷ ಬೆಳೆಯುವ ಕಾಯಿಲೆಯನ್ನು ಅಳೆಯಲಾಗುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತು ವರ್ಷದ ಪ್ರಯೋಗ ನಡೆದರೆ ಬೇರೆ ಉತ್ತರ ಬಂದೀತು. ಆದರೆ ಆ ಉತ್ತರ ಬರುವ ಮೊದಲೇ ಔಷಧ ಮಾರುವುದಕ್ಕೆ ಈ ಪ್ರಶ್ನೆ ಪರವಾನಗಿಯಾಗುವುದಿಲ್ಲ, ಏಕೆಂದರೆ ಔಷಧಕ್ಕೆ ತನ್ನದೇ ತೊಂದರೆಗಳಿವೆ. ಹೃದಯದ ಕಾಯಿಲೆ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಎಂಬ ಸಮಾಧಾನ ಸಿಕ್ಕಿತು. ಆದರೆ ಎದೆಬಡಿತ ತಾಳತಪ್ಪುವುದು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ಏಕಾಏಕಿ ಪೆಟ್ಟು ಬೀಳುವುದು ಹಾರ್ಮೋನು ಪಡೆದವರಲ್ಲಿ ಹೆಚ್ಚಾಗಿದ್ದವು. ಎಲುಬು ಗಟ್ಟಿಯಾಗುತ್ತದೆ ಎಂದುಕೊಂಡಿದ್ದರೆ, ಮುರಿತಗಳೂ ಅವರಲ್ಲೇ ಹೆಚ್ಚು ಕಂಡವು. ಎದೆಬಡಿತ ತಾಳತಪ್ಪಿದರೆ ಮೆದುಳಿಗೆ ಹೆಪ್ಪು ಹಾರುವ ಸಂಭವ ಇದ್ದೇ ಇದೆ. ಮೆದುಳನ್ನು ಕಾಯಲು ಹೋಗಿ ಅದಕ್ಕೇ ಪೆಟ್ಟು ಕೊಟ್ಟುಕೊಂಡಂತಾದೀತು.

ಸಕ್ಕರೆ ಕಾಯಿಲೆ ತಡೆಯಲಾದರೂ ಇದು ನೆರವಾಗುತ್ತದಲ್ಲ ಎಂಬುದು ಇನ್ನೂ ಬಲವಾದ ವಾದ. ಆಸ್ಟ್ರೇಲಿಯಾದಲ್ಲಿ ಹೊಟ್ಟೆ ಬೆಳೆದ, ಹಾರ್ಮೋನು ತುಸು ತಗ್ಗಿದ 1,007 ಗಂಡಸರ ಮೇಲೆ ಎರಡು ವರ್ಷ ನಡೆದ ಪ್ರಯೋಗದಲ್ಲಿ ಟೆಸ್ಟೋಸ್ಟೆರಾನ್ ಸೂಜಿ ಪಡೆದವರಲ್ಲಿ ಶೇ 12, ಪಡೆಯದವರಲ್ಲಿ ಶೇ 21 ಮಂದಿಗೆ ಸಕ್ಕರೆ ಕಾಯಿಲೆ ಕಂಡಿತು. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಆದರೆ ಎರಡೂ ಗುಂಪಿನವರಿಗೆ ತೂಕ ಇಳಿಸುವ ಕಾರ್ಯಕ್ರಮ ಕಡ್ಡಾಯವಾಗಿತ್ತು, ಸೂಜಿ ಅದರ ಮೇಲಿನ ಹೆಚ್ಚುವರಿ. ಸೂಜಿ ಪಡೆದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತ ಅಪಾಯದ ಗೆರೆ ದಾಟಿ ದಪ್ಪವಾಯಿತು. ಪ್ರಯೋಗದಲ್ಲಾದರೆ ಅದನ್ನು ಹಿಡಿಯಲು ಪದೇ ಪದೇ ರಕ್ತ ನೋಡುವವರಿದ್ದರು. ನಮ್ಮಲ್ಲಿ ಸೂಜಿ ಮಾಡಿಸಿಕೊಂಡು ಬಂದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ತಪಾಸಿಸಿ ಡೋಸು ಇಳಿಸುವವರು ಯಾರು? ಸುಸ್ತು ಎಂದರೆ ಸಲಾಯಿನ್ ಹಚ್ಚಿಸಿಕೊಂಡು ಬರುವ, ಗುಳಿಗೆಗಿಂತ ಸೂಜಿಯನ್ನೇ ಹೆಚ್ಚು ನಂಬುವ ರೂಢಿ ನಮ್ಮದು. ಈ ನೆಲದಲ್ಲಿ ಅಂಥ ಔಷಧ ಸಡಿಲವಾಗಿ ಓಡಾಡುವುದು ತೀರ ಅಪಾಯ.

ನಿಜವಾದ ಕೊರತೆ ಇರುವವರ ಮಾತು ಬೇರೆ. ವೃಷಣಕ್ಕೋ ಪಿಟ್ಯುಟರಿ ಗ್ರಂಥಿಗೋ ರೋಗ ತಗಲಿ ಹಾರ್ಮೋನು ತೀರ ಬತ್ತಿದವರಿಗೆ ಚಿಕಿತ್ಸೆ ಬೇಕೇ ಬೇಕು, ಅವರು ಈ ಲೇಖನ ಓದಿ ಔಷಧ ನಿಲ್ಲಿಸಬಾರದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನು ತಗ್ಗಿಸುವ ಚಿಕಿತ್ಸೆ ಪಡೆಯುತ್ತಿರುವವರೂ ಮರೆವಿಗೆ ಹೆದರಿ ಅದನ್ನು ಬಿಡಬಾರದು, ಅನುಮಾನವಿದ್ದರೆ ತಮ್ಮ ವೈದ್ಯರನ್ನೇ ಕೇಳಬೇಕು. ಆದರೆ ಅಂಥ ನಿಜವಾದ ಕೊರತೆ ಎಷ್ಟು ಜನರಿಗೆ? ಯುರೋಪಿನ ಎಂಟು ನಗರಗಳಲ್ಲಿ 40ರಿಂದ 79 ವಯಸ್ಸಿನ ಗಂಡಸರನ್ನು ಪರೀಕ್ಷಿಸಿದಾಗ, ಲಕ್ಷಣವೂ ರಕ್ತದ ಅಂಕಿಯೂ ಎರಡೂ ಕೂಡಿಬಂದವರು ನೂರಕ್ಕೆ ಇಬ್ಬರು. ಈ ಹಾರ್ಮೋನು ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಕಡಿಮೆ ಬಂದರೆ ಬೇರೆ ದಿನ ಮತ್ತೊಮ್ಮೆ ನೋಡದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಮಧ್ಯಾಹ್ನ ಸಂತೆ ಮುಗಿಸಿ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದ ಚೀಟಿ ಹಿಡಿದು ಗಂಡಸುತನವೇ ಹೋಯಿತೆಂದು ಕೊರಗುವುದು ಯಾರಿಗೂ ಬರಬಾರದ ಸ್ಥಿತಿ. ಚಿಕಿತ್ಸೆ ಕೊಡುವುದಾದರೆ ಲೈಂಗಿಕ ತೊಂದರೆಗೆ ಮಾತ್ರ ಯೋಚಿಸಿ, ಹುರುಪು, ಕಸುವು, ನೆನಪು ಹೆಚ್ಚಿಸಲೆಂದು ಕೊಡಬೇಡಿ ಎಂದು ಅಮೆರಿಕದ ವೈದ್ಯರ ಕಾಲೇಜು 2020ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಈ ಭಾಗದಲ್ಲಿ ಸೂಜಿಯ ಮಾತು ಬೇಗ ನಾಟುವುದಕ್ಕೆ ಒಂದು ಕಾರಣವಿದೆ, ಅದನ್ನು ಗೌರವದಿಂದಲೇ ನೋಡಬೇಕು. ಕೊಲ್ಲಾಪುರದ ನೆರಳಿನಲ್ಲಿರುವ ಈ ಊರುಗಳಲ್ಲಿ ಗರಡಿಮನೆ, ಕುಸ್ತಿ ಕಣ, ಜಾತ್ರೆಯ ಪೈಲವಾನರು ಮರ್ಯಾದೆಯ ಸಂಗತಿಗಳು. ಕಸುವು ಇದ್ದರೆ ಗಂಡಸು ಎಂಬ ಭಾವ ಆಳವಾಗಿದೆ. ಕಸುವು ಕುಂದಿದಾಗ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ನೆನಪು ಕುಂದಿದಾಗ ಇನ್ನೂ ಹೆಚ್ಚು. ಹಾಗಾಗಿ ಮರೆವನ್ನೂ ಕಸುವಿನ ಕೊರತೆಯನ್ನೂ ಒಂದೇ ಸೂಜಿಯಲ್ಲಿ ಕಟ್ಟಿಕೊಡುತ್ತೇನೆ ಎನ್ನುವ ಮಾತು ಹಿತವೆನಿಸುತ್ತದೆ. ಇದರ ಜೊತೆಗೆ ದುಡಿಮೆಯ ಬಗೆ ಬದಲಾಗಿದೆ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ನೆಲೆಯೂರಿದ ಮೇಲೆ, ನೀರಾವರಿ ಹಬ್ಬಿದ ಮೇಲೆ, ಕೃಷ್ಣೆ, ದೂಧಗಂಗಾ, ವೇದಗಂಗಾ ತೀರದ ಊರುಗಳೆಲ್ಲ ಕಬ್ಬಿನ ಊರುಗಳಾದವು. ಕಬ್ಬು ಕಡಿಯಲು ಗ್ಯಾಂಗಿನವರು ಬರುತ್ತಾರೆ, ಉಳುಮೆಗೆ ಟ್ರ್ಯಾಕ್ಟರ್ ಬರುತ್ತದೆ, ಹೊಲಕ್ಕೆ ಬೈಕಿನ ಮೇಲೆ ಹೋಗಿ ಮೋಟಾರಿನ ಸ್ವಿಚ್ ಒತ್ತಿ ಬರುವುದೇ ಅನೇಕ ಹಿರಿಯರ ದಿನದ ದುಡಿಮೆ. ಉಣ್ಣುವ ಊಟ ಮಾತ್ರ ಎತ್ತು ಹೂಡುತ್ತಿದ್ದ ಕಾಲದ್ದೇ. ಸೊಂಟದ ಸುತ್ತಳತೆ ಏರಿದ್ದರಲ್ಲಿ ಆಶ್ಚರ್ಯವಿಲ್ಲ. ತೂಕ ಇಳಿಸಿದರೆ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ, ಅದಕ್ಕೆ ಸೂಜಿ ಬೇಕಿಲ್ಲ. ಅದೇ ಇಳಿದ ತೂಕ ಬಿಪಿಯನ್ನೂ ಶುಗರನ್ನೂ ಇಳಿಸುತ್ತದೆ.

ಮೆದುಳನ್ನು ಕಾಯುವ ಸಾಬೀತಾದ ದಾರಿಗಳ ಸಾಲಿನಲ್ಲಿ ಬಿಪಿಯೇ ಮೊದಲು. ಚೀನಾದ 326 ಹಳ್ಳಿಗಳಲ್ಲಿ ಸುಮಾರು 34 ಸಾವಿರ ಜನರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಅಲ್ಲಿ ಚಿಕಿತ್ಸೆ ಮುನ್ನಡೆಸಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ತರಬೇತಿ ಪಡೆದ ಹಳ್ಳಿಯ ವೈದ್ಯ ಸಹಾಯಕರು. ಅವರು ಬಿಪಿಯ ಗುಳಿಗೆ ಕೊಟ್ಟರು, ಡೋಸು ಸರಿಮಾಡಿದರು, ಉಪ್ಪು ಕಡಿಮೆ ಮಾಡಲು ಹೇಳಿದರು, ಮನೆಯಲ್ಲೇ ಬಿಪಿ ನೋಡಿಕೊಳ್ಳಲು ಯಂತ್ರ ಕೊಟ್ಟರು. ಈ ಚಿಕಿತ್ಸೆ ಸಿಕ್ಕ ಹಳ್ಳಿಗಳಲ್ಲಿ ಡಿಮೆನ್ಶಿಯಾ ಉಳಿದ ಹಳ್ಳಿಗಳಿಗಿಂತ ಶೇ 15ರಷ್ಟು ಕಡಿಮೆಯಿತ್ತು. ಇದು ನಂಟಿನ ಊಹೆಯಲ್ಲ, ಹೋಲಿಸಿ ನೋಡಿದ ಪ್ರಯೋಗ, ಅದೂ ನಮ್ಮಂಥದ್ದೇ ಹಳ್ಳಿಗಳಲ್ಲಿ. ಕಾಗವಾಡದ ಹಳ್ಳಿಯೊಂದರಲ್ಲಿ ಇದನ್ನು ಮಾಡಲು ಏನೂ ಅಡ್ಡಿಯಿಲ್ಲ. ಬಿಪಿಯ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವಂಥವು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ಈಗಾಗಲೇ ಶುರು ಮಾಡಿದೆ. ನೋಡಿ ಬರೆದುಕೊಂಡು ಹೋಗುವುದಕ್ಕೆ ಮಾತ್ರ ಅದು ನಿಲ್ಲಬಾರದು. ‘ಬಿಪಿ ಕಡಿಮೆ ಆತು, ಗುಳಿಗಿ ಬಿಟ್ಟೆ’ ಎನ್ನುವ ಹಿರಿಯರ ಮನೆಗೆ ಮುಂದಿನ ತಿಂಗಳು ಮತ್ತೆ ಹೋಗುವಂತಾಗಬೇಕು.

ಮರೆವು ಶುರುವಾದವರಿಗೆ ಮಾಡಿಸಬೇಕಾದ ರಕ್ತಪರೀಕ್ಷೆಗಳು ಯಾವುವು ಎಂದರೆ, ಬಿ12 ಮತ್ತು ಥೈರಾಯ್ಡ್. ಲಿಂಗಾಯತರು, ಜೈನರು ಹೆಚ್ಚಿರುವ ಈ ಭಾಗದಲ್ಲಿ ತಲೆಮಾರುಗಳಿಂದ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ವಯಸ್ಸಾದಂತೆ ಹಾಲು ಮೊಸರೂ ಕಡಿಮೆಯಾದರೆ, ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಬಿ12 ಬತ್ತುತ್ತದೆ. ಅದು ಬತ್ತಿದಾಗ ಪಾದ ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ, ಮಂಕು ಕವಿಯುತ್ತದೆ, ನೋಡಿದವರು ಅದನ್ನೇ ಅರಳುಮರಳು ಅನ್ನುತ್ತಾರೆ. ಸೂಜಿಯ ಮೇಲೆ ನಂಬಿಕೆ ಇರುವವರಿಗೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಸೂಜಿಯಿದೆ, ಅದು ಬಿ12ದು, ಬೆಲೆಯೂ ಕಡಿಮೆ. ಬೇಗ ಹಿಡಿದರೆ ಮಂಕು ಹಿಂದೆಗೆಯುತ್ತದೆ. ಕಿವಿ ಮಂದವಾಗಿ ಮಾತಿಗೆ ಉತ್ತರ ಕೊಡದವರನ್ನೂ, ಕಣ್ಣಿನ ಪೊರೆಯಿಂದ ಮುಖ ಗುರುತಿಸದವರನ್ನೂ, ಹೆಂಡತಿ ತೀರಿಹೋದ ಮೇಲೆ ದುಃಖದಲ್ಲಿ ಮುಳುಗಿ ಮೂಲೆ ಸೇರಿದವರನ್ನೂ ನಾವು ಬುದ್ಧಿ ಹೋದವರೆಂದು ತಿಳಿದುಬಿಡುತ್ತೇವೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳ ಮೇಲೆ ಮಂಕು ಶುರುವಾದರೆ, ಎರಡೇ ದಿನದಲ್ಲಿ ಒಮ್ಮೆಲೇ ಗುರುತು ತಪ್ಪಿದರೆ, ಅದು ತಡಮಾಡದೆ ಬೆಳಗಾವಿಗೋ ಮಿರಜಕ್ಕೋ ಕರೆದೊಯ್ಯಬೇಕಾದ ತುರ್ತು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಶಿಯಾಕ್ಕೆ ನಾವು ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ತೊಡೆದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಬಿಪಿ, ಸಕ್ಕರೆ, ಬೊಜ್ಜು, ಧೂಮಪಾನ, ಕುಡಿತ, ಕಿವಿ, ಕಣ್ಣು, ತಲೆಯ ಪೆಟ್ಟು, ಒಂಟಿತನ ಎಲ್ಲ ಅಲ್ಲಿವೆ. ಟೆಸ್ಟೋಸ್ಟೆರಾನ್ ಇಲ್ಲ.

ಕಾಯಿಲೆಯನ್ನು ನಾವು ಗುರುತಿಸದಿರಲು ಇನ್ನೊಂದು ಕಾರಣ ಅದರ ಸ್ವಭಾವದಲ್ಲೇ ಇದೆ. ಕೈಗೆ ಕೂಡಿಬಂದ ಕೆಲಸವನ್ನು ಮೆದುಳು ಕೊನೆಗೆ ಮರೆಯುತ್ತದೆ. ಅಥಣಿಯಲ್ಲಿ ಐವತ್ತು ವರ್ಷ ಚಪ್ಪಲಿ ಕಟ್ಟಿದ ಕೈ, ತೊಗಲನ್ನು ಸೀಳಿ, ಹೆಬ್ಬೆರಳಿನಿಂದ ಒತ್ತಿ, ಸಣ್ಣ ಎಳೆಗಳನ್ನು ಹೆಣಿಗೆಯಂತೆ ಎಳೆದು ಬಿಗಿಯುವುದನ್ನು ತಪ್ಪಿಲ್ಲದೆ ಮಾಡುತ್ತಲೇ ಇರಬಹುದು. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತ ಮೊಮ್ಮಗನ ಹೆಸರನ್ನು ಮೂರನೇ ಸಲ ಕೇಳುತ್ತಿರಬಹುದು. ಕೆಲಸ ನಡೆದಿದೆಯಲ್ಲ ಎಂದು ಮನೆಯವರು ನಿಶ್ಚಿಂತರಾಗಿರುತ್ತಾರೆ. ಹಾಗಾಗಿ ಕೈಕೆಲಸ ನೋಡಿ ತೀರ್ಮಾನಿಸಬಾರದು. ಹೊಸ ಸಂಗತಿ ನೆನಪುಳಿಯುತ್ತದೆಯೇ, ದುಡ್ಡಿನ ಲೆಕ್ಕ ತಪ್ಪುತ್ತಿದೆಯೇ, ಗೊತ್ತಿದ್ದ ದಾರಿ ತಪ್ಪುತ್ತಿದೆಯೇ, ಇದೆಲ್ಲ ಆರು ತಿಂಗಳಲ್ಲಿ ಹೆಚ್ಚಾಗಿದೆಯೇ ಎಂದು ನೋಡಬೇಕು.

ನಮ್ಮ ಗಡಿಭಾಗಕ್ಕೊಂದು ವರವೂ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಅಥವಾ ಇದರ ತಿರುಗುಮುರುಗು, ಎರಡೂ ಭಾಷೆಯಲ್ಲಿ ಸಲೀಸಾಗಿ ಬದುಕಿದವರು ಇಲ್ಲಿನ ಹಿರಿಯರು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಕಂಡಿತು. ಇದೂ ಗಮನಿಕೆಯ ಅಧ್ಯಯನವೇ. ಟೆಸ್ಟೋಸ್ಟೆರಾನಿಗೆ ಹಾಕಿದ ಅಳತೆಗೋಲನ್ನು ಇದಕ್ಕೂ ಹಾಕಬೇಕು, ಕಾರಣ ಇದೇ ಎಂದು ಸಾರಲು ಬರುವುದಿಲ್ಲ. ಆದರೆ ಎರಡು ಭಾಷೆಯಲ್ಲಿ ಮಾತಾಡುವುದರಿಂದ ರಕ್ತ ದಪ್ಪವಾಗುವುದಿಲ್ಲ, ಎಲುಬು ಮುರಿಯುವುದಿಲ್ಲ. ಅದಕ್ಕೆ ಖರ್ಚಿಲ್ಲ, ಅಪಾಯವಿಲ್ಲ. ಎರಡೂ ಭಾಷೆಯ ಗೆಳೆಯರೊಂದಿಗೆ ಕಟ್ಟೆಯ ಮೇಲೆ ಕೂತು ಹರಟುವ ಹಿರಿಯರನ್ನು ಮನೆಯೊಳಗೆ ಟಿವಿಯ ಮುಂದೆ ಕೂರಿಸದಿದ್ದರೆ ಅಷ್ಟೇ ಸಾಕು. ವೈದ್ಯರು ಮಾತ್ರ ನೆನಪಿನ ಪರೀಕ್ಷೆಯನ್ನು ಹಿರಿಯರು ಕನಸು ಕಾಣುವ ಭಾಷೆಯಲ್ಲಿ ಮಾಡಬೇಕು. ಮರಾಠಿ ಮನೆಮಾತಿನವರನ್ನು ಗ್ರಂಥದ ಕನ್ನಡದಲ್ಲಿ, ಕನ್ನಡಿಗರನ್ನು ಮಿರಜದ ಮರಾಠಿಯಲ್ಲಿ ಪರೀಕ್ಷಿಸಿದರೆ ಇರುವ ಬುದ್ಧಿಯೂ ಇಲ್ಲದಂತೆ ಕಾಣುತ್ತದೆ.

ರಾಜ್ಯದಲ್ಲಿ ಕೆಲಸ ಶುರುವಾಗಿಲ್ಲವೆಂದಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಕೃಷ್ಣಾ ತೀರದ ಊಟ, ದುಡಿಮೆ, ತಂಬಾಕು, ಎರಡು ಭಾಷೆಯ ಬದುಕು ಕೋಲಾರದ್ದಕ್ಕಿಂತ ಬೇರೆ. ಅಥಣಿಯಿಂದ ಬೆಳಗಾವಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಚಿಕ್ಕೋಡಿಯಲ್ಲಿ ವಾರಕ್ಕೊಂದು ದಿನವಾದರೂ ಮರೆವಿನ ಕ್ಲಿನಿಕ್ ನಡೆಯಬೇಕೆಂದು ಈ ಐದು ತಾಲ್ಲೂಕಿನ ಜನಪ್ರತಿನಿಧಿಗಳು ಪಟ್ಟುಹಿಡಿದು ಕೇಳಬೇಕಾದ ಕಾಲ ಇದು.

ಕ್ಲಿನಿಕ್ಕು ಬಂದಾಗ ಯಾರನ್ನು ಕರೆದೊಯ್ಯುತ್ತೇವೆ ಎಂಬ ಪ್ರಶ್ನೆಯೂ ಇದೆ. ಟೆಸ್ಟೋಸ್ಟೆರಾನಿನ ಚರ್ಚೆಯೆಲ್ಲ ಗಂಡಸರ ಸುತ್ತ ನಡೆಯುತ್ತದೆ. ಆದರೆ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಲ್ಲಿ ಅದು ಶೇ 5.8, ಹೆಂಗಸರಲ್ಲಿ ಶೇ 9. ಪಟ್ಟಣಗಳಲ್ಲಿ ಶೇ 5.3, ಹಳ್ಳಿಗಳಲ್ಲಿ ಶೇ 8.4. ಶಾಲೆಯ ಮುಖ ಕಾಣದೆ, ನಸುಕಿನಿಂದ ರಾತ್ರಿಯವರೆಗೆ ದುಡಿದು, ತನ್ನ ಬಿಪಿ ಎಷ್ಟೆಂದು ಒಮ್ಮೆಯೂ ತಿಳಿಯದೆ ಮುಪ್ಪಾದ ಹಳ್ಳಿಯ ಹೆಣ್ಣುಮಗಳೇ ಈ ಅಂಕಿಗಳಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಳೆ. ಮರೆವು ಬಂದ ಗಂಡನಿಗೆ ಉಣಿಸುವವಳೂ, ರಾತ್ರಿ ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ಮಲಗುವವಳೂ ಅವಳೇ. ಅಜ್ಜನನ್ನು ಆಸ್ಪತ್ರೆಗೆ ಕರೆತಂದ ದಿನ, ಬಿಪಿ ಯಂತ್ರದ ಪಟ್ಟಿಯನ್ನು ಅವರ ತೋಳಿನಿಂದ ಬಿಚ್ಚಿದ ಕೂಡಲೇ ಬೆಂಚಿನ ಮೇಲೆ ಚೀಲ ಹಿಡಿದು ಕೂತ ಅಜ್ಜಿಯ ತೋಳಿಗೂ ಕಟ್ಟಬೇಕು. ‘ನಂದೇನ ನೋಡ್ತೀರಿ, ಅವರದ ನೋಡ್ರಿ’ ಎಂದು ಅವಳು ಕೈ ಹಿಂದಕ್ಕೆಳೆದುಕೊಂಡರೂ.